ಲಡಾಖ್ ಕಡೆ ಗಾಡಿ ತಿರುಗಿಸುವ ಮುನ್ನ: ಏನು ಒಯ್ಯಬೇಕು, ಏನು ಬಿಡಬೇಕು

ದಾವಣಗೆರೆಯಿಂದ ಲೇಹ್‌ಗೆ ಸ್ವಂತ ಗಾಡಿಯಲ್ಲೇ ಹೋಗಿಬರಬೇಕು ಅನ್ನುವ ಆಸೆ ಬಹಳ ಜನರಿಗಿದೆ. ದಿನ ಗೊತ್ತಾದ ಕೂಡಲೇ ಆನ್‌ಲೈನ್‌ನಲ್ಲಿ ಸಾಮಾನು ತರಿಸುವುದು ಶುರುವಾಗುತ್ತದೆ. ರೂಫ್ ಟೆಂಟು, ವಿಂಚು (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ಸಾಲು ಲೈಟು. ಇವುಗಳಲ್ಲಿ ಎಷ್ಟೋ ಸಾಮಾನು ಕಟ್ಟಿದ್ದು ಕಟ್ಟಿದ ಹಾಗೇ ಮನೆಗೆ ವಾಪಸ್ ಬರುತ್ತದೆ. ಕೊಳ್ಳುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇದರ ತೂಕ ಎಷ್ಟು? ಇದನ್ನು ನಾನೇ ಕೈಯಾರೆ ಬಳಸಬಲ್ಲೆನಾ? ಎರಡನೆಯದಕ್ಕೆ ‘ಇಲ್ಲ’ ಅನ್ನುವುದಾದರೆ ಅದನ್ನು ಕಲಿಯಿರಿ, ಇಲ್ಲವೇ ಬಿಟ್ಟುಬಿಡಿ.

ಮೊದಲು ದಾರಿ, ಆಮೇಲೆ ಪಟ್ಟಿ

ಹೋಗುವ ದಾರಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ದಾವಣಗೆರೆಯವರು ಹೆದ್ದಾರಿ 48 ಹಿಡಿದು ಹುಬ್ಬಳ್ಳಿ, ಬೆಳಗಾವಿ, ಪುಣೆ ಕಡೆ ಹೋಗುತ್ತಾರೆ. ಚಿತ್ರದುರ್ಗದಿಂದ ಹೆದ್ದಾರಿ 50ರಲ್ಲಿ ಹೊಸಪೇಟೆ ದಾಟಿ ವಿಜಯಪುರಕ್ಕೆ ಬಂದು, ಅಲ್ಲಿಂದ ಸೊಲ್ಲಾಪುರಕ್ಕೂ ಹೋಗಬಹುದು. ಯಾವ ದಾರಿಯಾದರೂ ಮನಾಲಿ ತನಕ ಬಂಕು, ಪಂಕ್ಚರ್ ಅಂಗಡಿ, ಮೆಕ್ಯಾನಿಕ್ ಸಿಗುತ್ತಾರೆ. ಅಷ್ಟು ದೂರಕ್ಕೆ ವಿಶೇಷ ಸಾಮಾನೇನೂ ಬೇಡ.

ಅಲ್ಲಿಂದಾಚೆಯ ಮಾತು ಬೇರೆ. 9.02 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿದರೆ, ಲೇಹ್ ಹತ್ತಿರವಾಗುವ ತನಕ, ಅಂದರೆ ಮುನ್ನೂರು ಕಿ.ಮೀ.ಗೂ ಜಾಸ್ತಿ ದೂರ, ಬಂಕನ್ನು ನಂಬಿಕೊಳ್ಳುವ ಹಾಗಿಲ್ಲ. ನಡುವೆ 5,328 ಮೀಟರ್ ಎತ್ತರದ ತಂಗ್ಲಾಂಗ್ ಲಾ ಘಾಟಿ ಬೇರೆ ಹತ್ತಬೇಕು. ನಿಮ್ಮ ಸಾಮಾನಿನ ಪಟ್ಟಿ ಈ ತುಂಡು ದಾರಿಗಾಗಿ. ಹೆದ್ದಾರಿಯಲ್ಲಿ ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ ಇಲ್ಲಿ 10 ಅಂತ ಲೆಕ್ಕ ಹಾಕಿ. ಆ ಲೆಕ್ಕದಲ್ಲೂ ಫುಲ್ ಟ್ಯಾಂಕ್ ಸಾಕಾಗುವುದಾದರೆ ಕ್ಯಾನಿನಲ್ಲಿ ಪೆಟ್ರೋಲ್ ಹೊರುವ ಅಪಾಯ ಯಾಕೆ? ಬೇಕೇ ಬೇಕು ಅನ್ನುವವರು ಬಿಗಿ ಮುಚ್ಚಳದ ಕಬ್ಬಿಣದ ಜೆರ್ರಿ ಕ್ಯಾನನ್ನೇ ತೆಗೆದುಕೊಳ್ಳಿ. ನೀರಿನ ಪ್ಲಾಸ್ಟಿಕ್ ಕ್ಯಾನು ಖಂಡಿತ ಬೇಡ.

ತೂಕ ಹಾಕಿಸಿ

ಗಾಡಿ ಒಟ್ಟು ಎಷ್ಟು ತೂಕ ತಡೆಯುತ್ತದೆ ಅನ್ನುವುದು ಆರ್‌ಸಿಯಲ್ಲಿ ಅಥವಾ ಕಂಪನಿಯ ಕೈಪಿಡಿಯಲ್ಲಿ ಇರುತ್ತದೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದಿದ್ದು 450 ಕೆ.ಜಿ. ಅಂದುಕೊಳ್ಳೋಣ. ಐದು ಜನ ಕೂತರೆ ಸುಮಾರು 330 ಕೆ.ಜಿ. ಅಲ್ಲೇ ಹೋಯಿತು. 20 ಲೀಟರ್ ನೀರು ಅಂದರೆ 20 ಕೆ.ಜಿ. ಉಳಿದ 100 ಕೆ.ಜಿ.ಯಲ್ಲಿ ಬಟ್ಟೆ, ಅಡುಗೆ, ಹಾಸಿಗೆ, ಉಪಕರಣ ಎಲ್ಲ ಮುಗಿಯಬೇಕು. ರೂಫ್ ಟೆಂಟ್ ಒಂದೇ ಇದರ ಅರ್ಧ ತಿನ್ನುತ್ತದೆ.

ನಮ್ಮಲ್ಲಿ ಒಂದು ಅನುಕೂಲ ಇದೆ. ದಾವಣಗೆರೆಯಲ್ಲಿ ಮೆಕ್ಕೆಜೋಳದ ಲಾರಿ ತೂಗುವ ವೇಬ್ರಿಡ್ಜ್‌ಗಳಿಗೆ ಬರವಿಲ್ಲ. ಲಗೇಜು, ಜನ ಎಲ್ಲ ತುಂಬಿಕೊಂಡು ಒಮ್ಮೆ ಅಲ್ಲಿ ನಿಲ್ಲಿಸಿ ಚೀಟಿ ತೆಗೆದುಕೊಳ್ಳಿ. ಮಿತಿ ಮೀರಿದ್ದರೆ ಬ್ರೇಕು, ಸಸ್ಪೆನ್ಷನ್, ಟೈರು ಎಲ್ಲಕ್ಕೂ ಹೊಡೆತ. ಕ್ಯಾರಿಯರ್ ಮೇಲೆ ಹಗುರ ಸಾಮಾನು ಮಾತ್ರ ಇಡಿ. ಭಾರದ್ದೆಲ್ಲ ಕೆಳಗೆ, ಹಿಂದಿನ ಸೀಟಿಗೆ ಒತ್ತಿಕೊಂಡಂತೆ ಇರಲಿ.

ದುಡ್ಡು ಖರ್ಚು ಮಾಡುವುದಾದರೆ ಟೈರಿಗೆ ಮಾಡಿ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2323 ಅಂತಿದ್ದರೆ 2023ರ 23ನೇ ವಾರದಲ್ಲಿ ತಯಾರಾದದ್ದು. ರಸ್ತೆಗೆ ತಾಗುವ ಗುಂಡಿ (ಟ್ರೆಡ್) ಚೆನ್ನಾಗಿ ಕಂಡರೂ ಹಳೆಯ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು. ಸ್ಟೆಪ್ನಿಯ ತಾರೀಕನ್ನು ಮರೆಯದೆ ನೋಡಿ. ಈಗಿನ ಕೆಲವು ಗಾಡಿಗಳ ಸ್ಟೆಪ್ನಿ ಸಣ್ಣದು, 80 ಕಿ.ಮೀ. ವೇಗ ದಾಟಬೇಡಿ ಅಂತ ಅದರ ಮೇಲೇ ಬರೆದಿರುತ್ತದೆ. ಜಾಗ ಹಿಡಿಸುವುದಾದರೆ ಪೂರ್ತಿ ಅಳತೆಯದ್ದನ್ನೇ ಹಾಕಿಸಿ.

ಮುಂದಿನದು ಟ್ಯೂಬ್‌ಲೆಸ್ ಪಂಕ್ಚರ್ ಕಿಟ್. ಹಿಡಿ ಗಟ್ಟಿಯಾದ ಲೋಹದ್ದಾಗಿರಲಿ, ಪ್ಲಾಸ್ಟಿಕ್ ಹಿಡಿ ಒತ್ತಿದಾಗ ಮುರಿಯುತ್ತದೆ. ಬಳಸುವ ಕ್ರಮ ಹೀಗೆ: ಮೊಳೆ ಹೊಕ್ಕ ಕೋನ ನೋಡಿಕೊಂಡು ಅದನ್ನು ಕೀಳಿ. ಅದೇ ಕೋನದಲ್ಲಿ ತುರಿಯುವ ಕಡ್ಡಿಯನ್ನು ನಾಲ್ಕಾರು ಸಲ ಒಳಗೆ ಹೊರಗೆ ಆಡಿಸಿ. ಸೂಜಿಗೆ ರಬ್ಬರ್ ಬತ್ತಿ ಪೋಣಿಸಿ, ಸೊಲ್ಯೂಷನ್ ಹಚ್ಚಿ, ಎರಡು ತುದಿ ಬೆರಳಗಲ ಹೊರಗೆ ಉಳಿಯುವಷ್ಟು ಒತ್ತಿ. ಸೂಜಿಯನ್ನು ಒಂದೇ ಏಟಿಗೆ ಎಳೆಯಿರಿ. ಉಳಿದ ತುದಿ ಕತ್ತರಿಸಿ, ಗಾಳಿ ತುಂಬಿ, ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದಾ ನೋಡಿ. ಓದಲು ಸುಲಭ, ಮಾಡುವಾಗ ತೋಳಿನ ಶಕ್ತಿಯೆಲ್ಲ ಬೇಕು. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಟೈರ್ ಕೇಳಿ ತಂದು ಮನೆಯ ಮುಂದೆ ಅಭ್ಯಾಸ ಮಾಡಿ. ಟೈರಿನ ಪಕ್ಕದ ಗೋಡೆ ಹರಿದಿದ್ದರೆ ಮಾತ್ರ ಈ ಬತ್ತಿ ಕೆಲಸಕ್ಕೆ ಬಾರದು, ಸ್ಟೆಪ್ನಿಯೇ ಗತಿ.

ಗಾಳಿ ತುಂಬುವ ಕಂಪ್ರೆಸರ್ ಕೊಳ್ಳುವಾಗ ಅದು ಎಷ್ಟು ಆಂಪ್ ಎಳೆಯುತ್ತದೆ ನೋಡಿ. ಗಾಡಿಯ 12 ವೋಲ್ಟ್ ಸಾಕೆಟ್‌ಗೆ ಸಾಮಾನ್ಯವಾಗಿ 10 ಅಥವಾ 15 ಆಂಪ್‌ನ ಫ್ಯೂಸ್ ಇರುತ್ತದೆ. ಎಸ್‌ಯುವಿ ಟೈರಿಗೆ ಬ್ಯಾಟರಿಗೇ ಕ್ಲಿಪ್ ಹಾಕುವ ಮಾದರಿ ಒಳ್ಳೆಯದು. ಹೇಗಿದ್ದರೂ ನಾಲ್ಕಾರು ಬಿಡಿ ಫ್ಯೂಸ್ ಜೇಬಿನಲ್ಲಿರಲಿ.

ಕಂಪನಿ ಕೊಡುವ ಗಿಡ್ಡ ವೀಲ್ ಸ್ಪ್ಯಾನರ್ ಸಾಲದು. ಅಂಗಡಿಯವರು ಗಾಳಿ ಗನ್ನಿನಲ್ಲಿ ಬಿಗಿದ ನಟ್ಟು ಅದಕ್ಕೆ ಜಗ್ಗುವುದೇ ಇಲ್ಲ. ಉದ್ದ ಹಿಡಿಯ ಸ್ಪ್ಯಾನರ್ ತೆಗೆದುಕೊಂಡು ನಾಲ್ಕೂ ಚಕ್ರ ಒಮ್ಮೆ ಬಿಚ್ಚಿ ಹಾಕಿ. ಜಾಕಿನ ಕೆಳಗಿಡಲು ಒಂದಡಿ ಚೌಕದ ದಪ್ಪ ಹಲಗೆಯನ್ನು ಬಡಗಿಯ ಹತ್ತಿರ ಕೊಯ್ಯಿಸಿ. ಮೆತ್ತನೆ ಮಣ್ಣಿನಲ್ಲಿ ಹಲಗೆ ಇಲ್ಲದಿದ್ದರೆ ಮೇಲೇಳುವ ಗಾಡಿಗಿಂತ ಕೆಳಗಿಳಿಯುವ ಜಾಕೇ ಜಾಸ್ತಿ.

ಎಳೆಯುವ ಪಟ್ಟಿ, ಕೂಲೆಂಟ್

ಹೂತ ಗಾಡಿ ಎಳೆಯುವ ನೈಲಾನ್ ಪಟ್ಟಿಯ ಸಾಮರ್ಥ್ಯ ನಿಮ್ಮ ತುಂಬಿದ ಗಾಡಿಯ ತೂಕದ ಎರಡು ಪಟ್ಟಾದರೂ ಇರಲಿ. ಬಂಪರಿಗೆ ಸಿಗಿಸುವ ಕೊಂಡಿ ಟೂಲ್‌ಕಿಟ್‌ನಲ್ಲಿದೆಯಾ ನೋಡಿ. ಎಳೆಯುವಾಗ ಪಟ್ಟಿಯ ಆಸುಪಾಸು ಯಾರನ್ನೂ ನಿಲ್ಲಿಸಬೇಡಿ. ಒಬ್ಬಂಟಿ ಗಾಡಿಗೆ ವಿಂಚಿಗಿಂತ ಒಂದು ಗಟ್ಟಿ ಸಲಿಕೆ ಹೆಚ್ಚು ಉಪಯೋಗ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ರೇಡಿಯೇಟರ್‌ಗೆ ಸುಮ್ನೆ ನಲ್ಲಿ ನೀರು ಹಾಕುವ ಅಭ್ಯಾಸ ಊರಲ್ಲಿ ಕೆಲವರಿಗಿದೆ. ಅಲ್ಲಿ ರಾತ್ರಿ ಅದು ಗಡ್ಡೆ ಕಟ್ಟಿದರೆ ಹಿಗ್ಗಿ ಎಂಜಿನ್ನೇ ಸೀಳಬಹುದು. ಕಂಪನಿ ಹೇಳಿದ ಕೂಲೆಂಟ್ ಹಾಕಿಸಿ, ಒಂದು ಲೀಟರ್ ಜೊತೆಗಿಟ್ಟುಕೊಳ್ಳಿ. ಡೀಸೆಲ್ ಗಾಡಿ ಆಡ್‌ಬ್ಲೂ (ಹೊಗೆ ಶುದ್ಧ ಮಾಡುವ ದ್ರವ) ಕೇಳುವಂಥದ್ದಾದರೆ ಅದೂ ಒಂದು ಡಬ್ಬ ಇರಲಿ.

ಊಟ, ಹೊದಿಕೆ, ಔಷಧ

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಹೆಚ್ಚುಕಡಿಮೆ 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತಾ ಕೂತರೆ ಗ್ಯಾಸ್ ಖಾಲಿ. ಅಡುಗೆ ಮಾಡುವವರು 3 ಲೀಟರ್ ಕುಕ್ಕರ್ ಒಯ್ಯಲೇಬೇಕು. ನಮ್ಮ ಮಂಡಕ್ಕಿ ಹಗುರ, ಆದರೆ ಜಾಗ ತಿನ್ನುತ್ತದೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಎರಡೂ ದಿನಗಟ್ಟಲೆ ಕೆಡುವುದಿಲ್ಲ, ಒಲೆ ಹಚ್ಚುವ ಕೆಲಸವೂ ಇಲ್ಲ.

ಸ್ಲೀಪಿಂಗ್ ಬ್ಯಾಗಿನ ಮೇಲೆ ಒಂದಕ್ಕಿಂತ ಹೆಚ್ಚು ಉಷ್ಣಾಂಶ ಬರೆದಿದ್ದರೆ ‘ಕಂಫರ್ಟ್’ ಎದುರಿನ ಅಂಕಿಯನ್ನೇ ನಂಬಿ. ಕೆಳಗೆ ಹಾಸಲು ಚಳ್ಳಕೆರೆ ಕಂಬಳಿ ಇದ್ದರೆ ಚಳಿ ನೆಲದಿಂದ ಮೈಗೆ ಹತ್ತುವುದಿಲ್ಲ.

ಸಣ್ಣ ಆಮ್ಲಜನಕದ ಡಬ್ಬಿ ನೆಚ್ಚಿಕೊಳ್ಳಬೇಡಿ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಎತ್ತರಕ್ಕೆ ತಲೆನೋವು, ವಾಂತಿ ಜಾಸ್ತಿಯಾದರೆ ತಡಮಾಡದೆ ಕೆಳಗಿಳಿಯಬೇಕು. ಮಾತ್ರೆಯ ವಿಷಯವನ್ನು ಹೊರಡುವ ಮುನ್ನವೇ ಡಾಕ್ಟರ ಹತ್ತಿರ ಮಾತಾಡಿ. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಒಂದಾದರೂ ಪೋಸ್ಟ್‌ಪೇಯ್ಡ್ ಬೇಕು. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರ್ ಕೈಗೆಟುಕುವಲ್ಲಿರಲಿ, ಡಿಕ್ಕಿಯ ತಳದಲ್ಲಲ್ಲ.

ಮುಂದಿನ ಬಂಪರಿಗೆ ಕಟ್ಟುವ ಕಬ್ಬಿಣದ ಬುಲ್‌ಬಾರ್ ಬೇಡವೇ ಬೇಡ. ಅದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದೆ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಕ್ಕೂ ಅದು ಅಡ್ಡಿ.

ಒಂದು ರಾತ್ರಿ ಪರೀಕ್ಷೆ

ಹೊರಡುವ ಎರಡು ವಾರ ಮೊದಲು ಎಲ್ಲ ತುಂಬಿಕೊಂಡು ಸೂಳೆಕೆರೆ ಕಡೆಗೋ ವಾಣಿವಿಲಾಸ ಸಾಗರದ ಕಡೆಗೋ ಹೋಗಿ, ಒಂದು ರಾತ್ರಿ ಉಳಿದು ಬನ್ನಿ. ಕತ್ತಲಲ್ಲಿ ಟಾರ್ಚ್ ಹಿಡಿದು ಜಾಕ್ ಹುಡುಕಿ. ಅದಕ್ಕಾಗಿ ಲಗೇಜೆಲ್ಲ ಇಳಿಸಬೇಕಾಗಿ ಬಂದರೆ ಮತ್ತೆ ಜೋಡಿಸಿ. ಒಲೆ, ಕುಕ್ಕರ್, ಕಂಪ್ರೆಸರ್ ಎಲ್ಲ ಬಳಸಿ ನೋಡಿ. ಮುಟ್ಟದೇ ಉಳಿದ ಸಾಮಾನನ್ನು ಮನೆಯಲ್ಲೇ ಇಳಿಸಿ. ಪ್ರಥಮ ಚಿಕಿತ್ಸೆ ಡಬ್ಬ, ಬೆಂಕಿ ಸಿಲಿಂಡರ್, ಕೆಂಪು ತ್ರಿಕೋನ, ಎಳೆಯುವ ಪಟ್ಟಿಗೆ ಮಾತ್ರ ಈ ನಿಯಮ ಬೇಡ. ಚಕ್ರ ಬಿಚ್ಚಿ ಹಾಕಿದ್ದರೆ ಹೊರಟ ದಿನ ಹಾವೇರಿ ಹತ್ತಿರ ಚಹಾಕ್ಕೆ ನಿಂತಾಗ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.