ಕೆಲಸ ಬಿಟ್ಟ ಮೇಲೆ ಹೊಸ ಕೆಲಸದ ಹುಡುಕಾಟ: ದಿನವೂ ಮನಸ್ಸೂ ಕೈತಪ್ಪದಂತೆ ನೋಡಿಕೊಳ್ಳುವ ಬಗೆ

ರಾಜೀನಾಮೆ ಕೊಟ್ಟು ಹೊರಬಂದ ಮೊದಲ ವಾರ ಮನಸ್ಸು ಹಗುರಾಗಿರುತ್ತದೆ. ಕಷ್ಟ ಶುರುವಾಗುವುದು ಅದಾದ ಮೇಲೆ. ಯಾವ ಹೊತ್ತಿಗೆ ಏಳಬೇಕು, ಯಾರಿಗೆ ಉತ್ತರ ಬರೆಯಬೇಕು, ಯಾವುದನ್ನು ಇಂದೇ ಮುಗಿಸಬೇಕು ಎಂಬುದನ್ನೆಲ್ಲ ಅದುವರೆಗೆ ಕಚೇರಿಯೇ ನಿಗದಿ ಮಾಡುತ್ತಿತ್ತು, ಸಂಬಳದ ಜೊತೆಗೆ ಆ ಕಟ್ಟುಪಾಡೂ ಹೋಯಿತು ಎಂಬುದು ಆಗ ಅರಿವಿಗೆ ಬರುತ್ತದೆ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಹಳ್ಳಿಯಲ್ಲಿ ಬಟ್ಟೆ ಗಿರಣಿ ಮುಚ್ಚಿದ ನಂತರ ಸಮಾಜ ಮನಶ್ಶಾಸ್ತ್ರಜ್ಞೆ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿನವರ ಬದುಕನ್ನು ಅಧ್ಯಯನ ಮಾಡಿದಾಗ, ಇಡೀ ದಿನ ಬಿಡುವಿದ್ದರೂ ಗ್ರಂಥಾಲಯದಿಂದ ಎರವಲು ಹೋಗುವ ಪುಸ್ತಕಗಳು ಮೊದಲಿಗಿಂತ ಕಡಿಮೆಯಾಗಿದ್ದವು. ಅವರು ಕೆಲಸ ಕಳೆದುಕೊಂಡವರು, ನೀವು ನೀವಾಗಿಯೇ ಬಿಟ್ಟವರು. ಆದರೂ ಖಾಲಿ ಸಮಯ ತಾನಾಗಿ ಉಪಯೋಗಕ್ಕೆ ಒದಗುವುದಿಲ್ಲ ಎಂಬುದು ಇಬ್ಬರ ಪಾಲಿಗೂ ನಿಜ.

ಮೊದಲು ಮಾಡಬೇಕಾದದ್ದು ರೆಸ್ಯೂಮೆ ತಿದ್ದುವುದಲ್ಲ, ಕೆಲಸವನ್ನು ಏಕೆ ಬಿಟ್ಟಿರಿ ಎಂದು ಬರೆಯುವುದು. ಸಿಟ್ಟು, ಬೇಸರ, ಭಯ ಯಾವುದನ್ನೂ ಮುಚ್ಚಿಡದೆ, ಯಾರಿಗೂ ತೋರಿಸಬೇಕಿಲ್ಲದ ಹಾಳೆಯಲ್ಲಿ ದಿನಕ್ಕೆ 20 ನಿಮಿಷದಂತೆ ಐದು ದಿನ ಬರೆಯಿರಿ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಕಳೆದುಕೊಂಡ ವೃತ್ತಿಪರರ ಪೈಕಿ ಹೀಗೆ ಬರೆದವರಿಗೆ ಉಳಿದವರಿಗಿಂತ ಬೇಗ ಹೊಸ ಕೆಲಸ ಸಿಕ್ಕಿತ್ತು. ಒಳಗಿನ ಕಹಿ ಹಾಳೆಗೆ ಇಳಿದರೆ ಸಂದರ್ಶನದ ಮಾತಿನಲ್ಲಿ ಇಣುಕುವುದಿಲ್ಲ ಎಂದು ನನಗನ್ನಿಸುತ್ತದೆ. ಆ ಬರಹವನ್ನು ಕೊನೆಗೆ ಎರಡು ವಾಕ್ಯಕ್ಕೆ ಇಳಿಸಿಕೊಳ್ಳಿ: ‘ಅಲ್ಲಿ ಐದು ವರ್ಷ ಗ್ರಾಹಕ ಸೇವೆ ನೋಡಿಕೊಂಡೆ. ತಂಡ ನಡೆಸುವ ಜವಾಬ್ದಾರಿ ಬೇಕೆನಿಸಿತು, ಅಲ್ಲಿ ಅದಕ್ಕೆ ಅವಕಾಶವಿರಲಿಲ್ಲ.’ ಇಷ್ಟು ಸಾಕು. ಹಳೆಯ ಮ್ಯಾನೇಜರ್ ವಿಷಯ ಎತ್ತುವುದು ಬೇಡ.

ಉಳಿತಾಯ ಎಷ್ಟು ತಿಂಗಳಿಗೆ ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ಬರೆದಿಡಿ. ಅದರಲ್ಲಿ ಅರ್ಧ ಕರಗುವ ದಿನಾಂಕವನ್ನು ಗುರುತು ಮಾಡಿಕೊಂಡು, ಆ ದಿನದಿಂದ ಹುಡುಕಾಟದ ವ್ಯಾಪ್ತಿಯನ್ನು ಹಿಗ್ಗಿಸುವುದೆಂದು ಈಗಲೇ ತೀರ್ಮಾನಿಸಿದರೆ, ರಾತ್ರಿ ನಿದ್ದೆಗೆಟ್ಟು ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುವುದು ತಪ್ಪುತ್ತದೆ.

ಇನ್ನು ದಿನದ ವಿಚಾರ. ಬೆಳಿಗ್ಗೆ ಒಂಬತ್ತೂವರೆಯಿಂದ ಒಂದರವರೆಗೆ ಹುಡುಕಾಟ ಎಂದು ಗೊತ್ತುಮಾಡಿ, ಮನಸ್ಸು ಹಿಂಜರಿಯುವ ಕೆಲಸವನ್ನು ಮೊದಲ ಗಂಟೆಗೆ ಇಡಿ. ದಿನವಿಡೀ ಜಾಬ್ ಪೋರ್ಟಲ್ ತೆರೆದಿಟ್ಟು ಕೂರುವುದು ದುಡಿಮೆಯಂತೆ ಕಾಣುತ್ತದೆ, ಆದರೆ ಅದರಿಂದ ಆಯಾಸ ಬಿಟ್ಟರೆ ಹೆಚ್ಚೇನೂ ದಕ್ಕುವುದಿಲ್ಲ. ಮಧ್ಯಾಹ್ನವನ್ನು ಕಲಿಕೆಗೂ ನಡಿಗೆಗೂ ಬಿಡಿ.

ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಒಂದು ಎಕ್ಸೆಲ್ ಹಾಳೆ. ಸಂಸ್ಥೆ, ಹುದ್ದೆ, ಅರ್ಜಿ ಹಾಕಿದ ದಿನ, ಕಳುಹಿಸಿದ ರೆಸ್ಯೂಮೆಯ ಹೆಸರು, ಮಾತಾಡಿದ ವ್ಯಕ್ತಿ, ಮುಂದಿನ ಹೆಜ್ಜೆ, ಅದರ ದಿನಾಂಕ: ಇಷ್ಟು ಕಾಲಂ ಇದ್ದರೆ ಆಯಿತು. ಕೊನೆಯ ಕಾಲಂ ಎಂದೂ ಖಾಲಿ ಇರಬಾರದು. 4ನೇ ತಾರೀಖು ಅರ್ಜಿ ಹಾಕಿದ್ದರೆ ‘13ಕ್ಕೆ ಜ್ಞಾಪನೆಯ ಇಮೇಲ್’ ಎಂದು ಅಲ್ಲೇ ಬರೆಯಿರಿ. ಹುದ್ದೆಯ ಜಾಹೀರಾತನ್ನು ತಪ್ಪದೆ ಪಿಡಿಎಫ್ ಮಾಡಿ ಫೋಲ್ಡರಿಗೆ ಹಾಕಿಡಿ. ಅರ್ಜಿಯ ಗಡುವು ಮುಗಿದೊಡನೆ ಎಷ್ಟೋ ಸಂಸ್ಥೆಗಳು ಆ ಪುಟವನ್ನು ತೆಗೆದುಹಾಕುತ್ತವೆ. ನನಗೆ ಒಮ್ಮೆ ಮೂರು ವಾರದ ನಂತರ ಸಂದರ್ಶನದ ಕರೆ ಬಂದಾಗ, ಅವರು ಕೇಳಿದ್ದ ಅರ್ಹತೆ ಏನೆಂದು ನೋಡಲು ಎಲ್ಲಿಯೂ ಏನೂ ಉಳಿದಿರಲಿಲ್ಲ. ರೆಸ್ಯೂಮೆ ಕಡತಕ್ಕೆ ‘ಫೈನಲ್ 2’ ಎಂಬಂಥ ಹೆಸರಿಡದೆ ನಿಮ್ಮ ಹೆಸರನ್ನೂ ಹುದ್ದೆಯ ಹೆಸರನ್ನೂ ಇಡಿ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿಕೊಟ್ಟಂತೆ, ಕೆಲಸದ ಸುದ್ದಿ ಅನೇಕ ಸಲ ಆಪ್ತ ಗೆಳೆಯರಿಂದಲ್ಲ, ಅಪರೂಪಕ್ಕೆ ಭೇಟಿಯಾಗುವ ಪರಿಚಿತರಿಂದ ಬರುತ್ತದೆ. ಆಪ್ತರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ಪರಿಚಿತರು ಓಡಾಡುವ ವಲಯವೇ ಬೇರೆ. ಆದ್ದರಿಂದ ವಾರಕ್ಕೆ ಮೂವರು ಹಳೆಯ ಸಹೋದ್ಯೋಗಿಗಳಿಗೆ ಬರೆಯಿರಿ. ‘ಎಲ್ಲಾದರೂ ಕೆಲಸ ಇದ್ದರೆ ಹೇಳಿ’ ಎಂದರೆ ಅವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ‘ನಿಮ್ಮ ವಿಭಾಗದಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲು 15 ನಿಮಿಷ ಮಾತಾಡಬಹುದೇ’ ಎಂದು ಕೇಳಿದರೆ ಒಪ್ಪುವುದು ಸುಲಭ.

ಉತ್ಸಾಹ ಕುಗ್ಗಿಸುವುದು ನಿರಾಕರಣೆಗಿಂತ ಹೆಚ್ಚಾಗಿ ಮೌನ. ಹತ್ತು ಅರ್ಜಿಗೆ ಒಂದೂ ಉತ್ತರವಿಲ್ಲದಾಗ ನಿಮ್ಮ ಯೋಗ್ಯತೆಯ ಬಗ್ಗೆಯೇ ಸಂಶಯ ಮೂಡುತ್ತದೆ. ಹುದ್ದೆ ರದ್ದಾಗಿರಬಹುದು, ಒಳಗಿನವರಿಗೇ ಸಿಕ್ಕಿರಬಹುದು, ಅದು ನಿಮಗೆ ತಿಳಿಯುವುದೇ ಇಲ್ಲ. ಹಾಗಾಗಿ ಶುಕ್ರವಾರ ಲೆಕ್ಕ ನೋಡುವಾಗ ಬಂದ ಉತ್ತರಗಳನ್ನಲ್ಲ, ನೀವು ಮಾಡಿದ್ದನ್ನು ಎಣಿಸಿ: ಎಷ್ಟು ಅರ್ಜಿ, ಎಷ್ಟು ಮಾತುಕತೆ, ಎಷ್ಟು ತಯಾರಿ. ಸಂದರ್ಶನ ಮುಗಿದ ಗಂಟೆಯೊಳಗೆ ಕೇಳಿದ ಪ್ರಶ್ನೆಗಳನ್ನೂ ತಡವರಿಸಿದ ಜಾಗಗಳನ್ನೂ ಬರೆದಿಟ್ಟರೆ, ಕೈಗೂಡದ ಸಂದರ್ಶನವೂ ಮುಂದಿನದಕ್ಕೆ ತಯಾರಿಯಾಗುತ್ತದೆ.

ಫೋನಿನಲ್ಲಿ ‘ನೀವು ಆಯ್ಕೆಯಾಗಿದ್ದೀರಿ’ ಎಂದ ದಿನವೂ ಈ ಕ್ರಮವನ್ನು ಬಿಡಬೇಡಿ. ಆಫರ್ ಲೆಟರ್ ಬರಹದಲ್ಲಿ ಕೈಸೇರಿ, ಸಂಬಳವನ್ನೂ ಸೇರುವ ದಿನಾಂಕವನ್ನೂ ಓದಿ ನೋಡುವವರೆಗೆ ಉಳಿದ ಯಾವ ಸಂದರ್ಶನವನ್ನೂ ರದ್ದು ಮಾಡಬೇಡಿ.