ಫೋಟೋ ಹಗುರವಾಗಬೇಕು, ಮಂಕಾಗಬಾರದು

ಫೋಟೋ ಸೈಜು ಕಡಿಮೆ ಮಾಡಬೇಕು ಅಂದ ತಕ್ಷಣ ಹೆಚ್ಚಿನವರ ಕೈ ಸೀದಾ ಕ್ವಾಲಿಟಿ ಸ್ಲೈಡರ್ ಮೇಲೆ ಹೋಗುತ್ತದೆ. 100 ಇದ್ದದ್ದನ್ನು 50ಕ್ಕೆ ಎಳೆಯುತ್ತಾರೆ, ಫೈಲು ಚಿಕ್ಕದಾಯಿತು ಅಂತ ಸಮಾಧಾನ ಪಡುತ್ತಾರೆ. ಆಮೇಲೆ ನೋಡಿದರೆ ಆಕಾಶವೆಲ್ಲ ಚೌಕ ಚೌಕ, ಅಕ್ಷರಗಳ ಸುತ್ತ ಕೊಳಕು. ವೆಬ್‌ಸೈಟುಗಳಿಗೆ ಚಿತ್ರ ಸಿದ್ಧ ಮಾಡಿಕೊಡುವುದು ನನ್ನ ದಿನನಿತ್ಯದ ಕೆಲಸ. ಆ ಸ್ಲೈಡರನ್ನು ನಾನು ಮುಟ್ಟುವುದು ಎಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಮುಕ್ಕಾಲು ಪಾಲು ತೂಕ ಇಳಿದಿರುತ್ತದೆ.

ನಾನು ಮೊದಲು ಹಾಕುವುದು ಪಿಕ್ಸೆಲ್ ಲೆಕ್ಕ. 12 ಮೆಗಾಪಿಕ್ಸೆಲ್ ಫೋನಿನ ಫೋಟೋ ಅಂದರೆ 4000×3000, ಒಟ್ಟು 1.2 ಕೋಟಿ ಪಿಕ್ಸೆಲ್. ಅದನ್ನು ಹಾಕಬೇಕಾದ ಪುಟದಲ್ಲಿ ಚಿತ್ರಕ್ಕಿರುವ ಜಾಗ 800 ಪಿಕ್ಸೆಲ್ ಅಗಲ ಅಂತಿಟ್ಟುಕೊಳ್ಳಿ. ಈಗಿನ ಫೋನು, ಲ್ಯಾಪ್‌ಟಾಪ್ ಪರದೆಗಳು ಅದೇ ಅಗಲದಲ್ಲಿ ಎರಡು ಪಟ್ಟು ಪಿಕ್ಸೆಲ್ ತೋರಿಸುವುದರಿಂದ 1600 ಕೊಡೋಣ. 1600×1200 ಅಂದರೆ 19.2 ಲಕ್ಷ ಪಿಕ್ಸೆಲ್. ಮೂಲದ ಶೇ. 16 ಮಾತ್ರ! ಉಳಿದ 84 ಪಾಲು ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಬ್ರೌಸರ್ ಅದನ್ನೆಲ್ಲ ಇಳಿಸಿಕೊಂಡು, ತಾನೇ ಕುಗ್ಗಿಸಿ ತೋರಿಸುತ್ತದೆ. ಓದುವವರ ಡೇಟಾ ಖರ್ಚು, ಅಷ್ಟೇ. ನಾಲ್ಕೈದು ಎಂಬಿ ಇದ್ದ ಫೋಟೋ ಹೀಗೆ ಕುಗ್ಗಿಸಿದ ಮೇಲೆ, ಕ್ವಾಲಿಟಿಯನ್ನು ಧಾರಾಳವಾಗಿಯೇ ಇಟ್ಟರೂ, ಸಾಮಾನ್ಯವಾಗಿ ಐದಾರು ನೂರು ಕೆಬಿಗೆ ಬಂದು ನಿಲ್ಲುತ್ತದೆ.

ಕುಗ್ಗಿಸುವುದಕ್ಕೂ ಮುಂಚೆ ಬೇಡದ್ದನ್ನು ಕತ್ತರಿಸುತ್ತೇನೆ. ಅರ್ಧ ಚಿತ್ರ ಖಾಲಿ ಗೋಡೆ ಇದ್ದರೆ ಅದನ್ನು ಉಳಿಸಿಕೊಂಡು ಏನು ಮಾಡುವುದು? ಕತ್ತರಿಸಿದರೆ ಚಿತ್ರವೂ ಚೆನ್ನಾಗಿ ಕಾಣುತ್ತದೆ. ಕುಗ್ಗಿಸುವಾಗ ಲ್ಯಾಂಕ್‌ಜೋಸ್ ಅನ್ನುವ ವಿಧಾನ ಆರಿಸುತ್ತೇನೆ, ಗೆರೆಗಳು ಚೂಪಾಗಿ ಉಳಿಯುತ್ತವೆ. ಕುಗ್ಗಿಸಿದ ಮೇಲೆ ಚೂರೇ ಚೂರು ಶಾರ್ಪನ್ ಮಾಡುವುದೂ ಉಂಟು. ಜಾಸ್ತಿ ಮಾಡಿದರೆ ಫೈಲು ಮತ್ತೆ ಉಬ್ಬುತ್ತದೆ, ಅದಕ್ಕೇ ಕೈ ಹಿಡಿದು ಮಾಡಬೇಕು.

ಡಿಪಿಐ (ಪ್ರಿಂಟಿನಲ್ಲಿ ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಬಗ್ಗೆ ಒಂದು ಮಾತು. "300 ಡಿಪಿಐ ಇದ್ದದ್ದನ್ನು 72ಕ್ಕೆ ಇಳಿಸಿ, ಸೈಜು ಕಡಿಮೆಯಾಗುತ್ತದೆ" ಅಂತ ಈಗಲೂ ಹೇಳುವವರಿದ್ದಾರೆ. ಡಿಪಿಐ ಅನ್ನುವುದು ಫೈಲಿನೊಳಗೆ ಬರೆದಿಟ್ಟ ಒಂದು ಸಂಖ್ಯೆ, ಅಷ್ಟೇ. ಪಿಕ್ಸೆಲ್‌ಗಳನ್ನು ಹಾಗೇ ಬಿಟ್ಟು ಆ ಸಂಖ್ಯೆಯನ್ನು ಮಾತ್ರ ಬದಲಿಸಿದರೆ ಒಂದು ಕೆಬಿಯೂ ಇಳಿಯುವುದಿಲ್ಲ. ಅದು ಕೆಲಸಕ್ಕೆ ಬರುವುದು ಪ್ರಿಂಟ್ ಲೆಕ್ಕ ಹಾಕುವಾಗ. 6×4 ಇಂಚಿನ ಪ್ರಿಂಟಿಗೆ 300 ಡಿಪಿಐನಲ್ಲಿ ಬೇಕಾಗುವುದು 1800×1200 ಪಿಕ್ಸೆಲ್. ಅಂದರೆ ಆಲ್ಬಮ್ ಪ್ರಿಂಟಿಗೂ 12 ಮೆಗಾಪಿಕ್ಸೆಲ್ ಪೂರ್ತಿ ಬೇಕಿಲ್ಲ.

ಎರಡನೆಯದು ಫಾರ್ಮ್ಯಾಟ್. ಫೋಟೋಗೆ ಜೆಪೆಗ್, ಸ್ಕ್ರೀನ್‌ಶಾಟು, ಲೋಗೋ, ನಕ್ಷೆಗಳಿಗೆ ಪಿಎನ್‌ಜಿ. ಇದು ಎಲ್ಲರಿಗೂ ಗೊತ್ತಿರುವ ಮಾತೇ, ಆದರೂ ನನ್ನ ಕೈಗೆ ಬರುವ ಫೈಲುಗಳಲ್ಲಿ ಅದಲು ಬದಲು ಆಗಿರುವುದೇ ಜಾಸ್ತಿ. "ಕ್ವಾಲಿಟಿ ಹೋಗಬಾರದು ಅಂತ ಪಿಎನ್‌ಜಿ ಮಾಡಿದೆ" ಅಂತ ಜೆಪೆಗ್ ಫೋಟೋವನ್ನೇ ಪಿಎನ್‌ಜಿ ಮಾಡಿ ಕಳಿಸುತ್ತಾರೆ. ಫೈಲು ಹಲವು ಪಟ್ಟು ಉಬ್ಬಿರುತ್ತದೆ. ಜೆಪೆಗ್ ಮಾಡುವಾಗ ಕಳೆದುಹೋದದ್ದು ಮಾತ್ರ ವಾಪಸ್ ಬಂದಿರುವುದಿಲ್ಲ.

ಪಿಎನ್‌ಜಿ ಏನನ್ನೂ ಬಿಸಾಡುವುದಿಲ್ಲ. ಪ್ರತಿ ಸಾಲಿನಲ್ಲಿ ಪಕ್ಕದ ಪಿಕ್ಸೆಲ್‌ಗೋ ಮೇಲಿನ ಪಿಕ್ಸೆಲ್‌ಗೋ ಹೋಲಿಸಿ, ಇರುವ ವ್ಯತ್ಯಾಸವನ್ನಷ್ಟೇ ಬರೆದುಕೊಂಡು, ಅದನ್ನು ಜಿಪ್ ಮಾಡುವ ರೀತಿಯಲ್ಲೇ ಒತ್ತುತ್ತದೆ. ಸ್ಕ್ರೀನ್‌ಶಾಟಿನಲ್ಲಿ ಒಂದೇ ಬಣ್ಣದ ದೊಡ್ಡ ಬಯಲು ಇರುವುದರಿಂದ ವ್ಯತ್ಯಾಸವೆಲ್ಲ ಸೊನ್ನೆ, ಫೈಲು ಪುಟ್ಟದು. ಫೋಟೋದಲ್ಲಿ ಹಾಗಲ್ಲ, ಪಕ್ಕಪಕ್ಕದ ಯಾವ ಎರಡು ಪಿಕ್ಸೆಲ್ಲೂ ಪೂರ್ತಿ ಒಂದೇ ಇರುವುದು ಅಪರೂಪ. ಸೇವ್ ಮಾಡುವಾಗ ಗಿಂಪ್‌ನಂಥ ತಂತ್ರಾಂಶಗಳು ಪಿಎನ್‌ಜಿಗೆ 0ಯಿಂದ 9ರವರೆಗೆ ಕಂಪ್ರೆಷನ್ ಮಟ್ಟ ಕೇಳುತ್ತವಲ್ಲ, ಅದನ್ನು ನೋಡಿ ಹೆದರಬೇಡಿ. 9 ಇಟ್ಟರೂ ಚಿತ್ರ ಅದೇ, ಕಂಪ್ಯೂಟರ್ ಸ್ವಲ್ಪ ಹೆಚ್ಚು ಹೊತ್ತು ಒದ್ದಾಡುತ್ತದೆ ಅಷ್ಟೆ. ನಾನು ಕಣ್ಣು ಮುಚ್ಚಿ 9 ಇಡುತ್ತೇನೆ. ಆಮೇಲೆ ಆಕ್ಸಿಪಿಎನ್‌ಜಿ ಅನ್ನುವ ಸಾಧನ ಓಡಿಸಿದರೆ ಇನ್ನೂ ಒಂದಿಷ್ಟು ಇಳಿಯುತ್ತದೆ, ಒಂದು ಪಿಕ್ಸೆಲ್ಲೂ ಬದಲಾಗದೆ.

ಅದೂ ಸಾಲದಿದ್ದರೆ ಬಣ್ಣ ಎಣಿಸುತ್ತೇನೆ. ಲೋಗೋದಲ್ಲಿ ಇರುವುದು ನಾಲ್ಕು ಬಣ್ಣ, ಅಂಚುಗಳ ಮೆದು ಛಾಯೆ ಸೇರಿಸಿದರೂ 256 ದಾಟುವುದು ಕಷ್ಟ. ಆದರೆ ಫೈಲು ಪ್ರತಿ ಪಿಕ್ಸೆಲ್ಲಿಗೂ 24 ಅಥವಾ 32 ಬಿಟ್ ಹಿಡಿದಿಟ್ಟಿರುತ್ತದೆ. ಪಿಎನ್‌ಜಿಕ್ವಾಂಟ್ ಅನ್ನುವ ಸಾಧನ ಅದನ್ನು 256 ಬಣ್ಣಗಳ ಪಟ್ಟಿ ಮಾಡಿ 8 ಬಿಟ್ಟಿಗೆ ಇಳಿಸುತ್ತದೆ. ಬಣ್ಣ 256ರ ಒಳಗೇ ಇದ್ದರೆ ನಷ್ಟ ಏನೂ ಇಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ನಯವಾಗಿ ಬದಲಾಗುವ ಬಣ್ಣದ ಜಾಗದಲ್ಲಿ ಪಟ್ಟೆ ಕಾಣಬಹುದು, ಅಲ್ಲಿ ಒಮ್ಮೆ ಕಣ್ಣಾಡಿಸಿ ನೋಡಬೇಕು.

ಇನ್ನು ಆ ಸ್ಲೈಡರ್. ಅದನ್ನು ಎಳೆದಾಗ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ತಾನಾಗೇ ತಿಳಿಯುತ್ತದೆ. 1992ರಲ್ಲಿ ಬಂದ ಜೆಪೆಗ್ ಇವತ್ತಿಗೂ ಅದೇ ಕೆಲಸ ಮಾಡುತ್ತಿದೆ. ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ. ಒಂದು ಚೌಕದ 64 ಪಿಕ್ಸೆಲ್‌ಗಳನ್ನು ಬೇರೆ 64 ಸಂಖ್ಯೆಗಳಾಗಿ ಮಾರ್ಪಡಿಸುತ್ತದೆ. ಮೊದಲನೆಯದು ಆ ಚೌಕದ ಸರಾಸರಿ ಬೆಳಕು, ಮುಂದಿನವು ನಿಧಾನವಾಗಿ ಬದಲಾಗುವ ಛಾಯೆಗಳು, ಕೊನೆಯವು ತೀರಾ ಸಣ್ಣ ಎಳೆಗಳು. ಪ್ರತಿಯೊಂದನ್ನೂ ಒಂದು ಕೋಷ್ಟಕದಲ್ಲಿರುವ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ಸೇರಿಸುತ್ತದೆ. ಹೆಚ್ಚಿನ ತಂತ್ರಾಂಶಗಳ ಹಿಂದಿರುವ ಲಿಬ್‌ಜೆಪೆಗ್ ಅನ್ನುವ ಕೋಡಿನ ಲೆಕ್ಕದಲ್ಲಿ, ಕ್ವಾಲಿಟಿ 50 ಇದ್ದಾಗ ಆ ಕೋಷ್ಟಕದ ಸರಾಸರಿ ಬೆಳಕಿನ ಮೂಲೆಯಲ್ಲಿ 16 ಇದೆ, ಸಣ್ಣ ಎಳೆಗಳ ಮೂಲೆಯಲ್ಲಿ 99. ಕ್ವಾಲಿಟಿ 75ಕ್ಕೆ ಅವು 8 ಮತ್ತು 50 ಆಗುತ್ತವೆ. 90ಕ್ಕೆ 3 ಮತ್ತು 20.

ಈಗ ಒಂದು ಚೌಕದಲ್ಲಿ ಬಟ್ಟೆಯ ನೇಯ್ಗೆಯೋ ಕೂದಲಿನ ಎಳೆಯೋ ಇದೆ, ಆ ಕೊನೆಯ ಮೂಲೆಯ ಸಂಖ್ಯೆ 22 ಅಂದುಕೊಳ್ಳಿ. ಕ್ವಾಲಿಟಿ 50ರಲ್ಲಿ 22ನ್ನು 99ರಿಂದ ಭಾಗಿಸಿದರೆ ಸೊನ್ನೆಗೆ ಹತ್ತಿರ, ಸೊನ್ನೆಯೇ ಆಯಿತು. 75ರಲ್ಲಿ 50ರಿಂದ ಭಾಗಿಸಿದರೆ 0.44, ಅದೂ ಸೊನ್ನೆ. 90ರಲ್ಲಿ 20ರಿಂದ ಭಾಗಿಸಿದರೆ 1.1, ಅದು 1 ಆಗಿ ಉಳಿಯುತ್ತದೆ. ಚಿತ್ರ ತೆರೆದಾಗ 20 ಆಗಿ ವಾಪಸ್ ಬರುತ್ತದೆ. ಅಂದರೆ ನೇಯ್ಗೆ ಉಳಿಯಿತು. ಫೈಲು ಚಿಕ್ಕದಾಗುವುದೇ ಈ ಸೊನ್ನೆಗಳಿಂದ, ಸಾಲುಸಾಲು ಸೊನ್ನೆ ಬರೆಯಲು ಜಾಗವೇ ಬೇಕಿಲ್ಲ. 100 ಇಟ್ಟರೆ ಕೋಷ್ಟಕದ ತುಂಬ ಬರೀ 1. ಆಗ ಕ್ಯಾಮೆರಾ ಸೆನ್ಸರಿನ ಕಾಳುಕಾಳು ಗದ್ದಲವನ್ನೂ ಅದು ಶ್ರದ್ಧೆಯಿಂದ ಬರೆದಿಡುತ್ತದೆ. 95ರಿಂದ 100ಕ್ಕೆ ಹೋದರೆ ಫೈಲು ಹೆಚ್ಚುಕಡಿಮೆ ಎರಡು ಪಟ್ಟಾಗುವುದು ಮಾಮೂಲು. ಕಣ್ಣಿಗೆ ಏನಾದರೂ ಕಂಡಿತೇ ಅಂದರೆ, ಇಲ್ಲ. ಹಾಗಂತ 100ರಲ್ಲೂ ನಷ್ಟ ಪೂರ್ತಿ ತಪ್ಪುವುದಿಲ್ಲ, ಪೂರ್ಣಾಂಕಕ್ಕೆ ಸೇರಿಸುವಾಗ ಚೂರುಪಾರು ಹೋಗಿಯೇ ಹೋಗುತ್ತದೆ.

ಹಾಗಾಗಿ ಫೋಟೋಗಳಿಗೆ ನಾನು ಇಡುವುದು 80ರಿಂದ 85. ಇದು ಲಿಬ್‌ಜೆಪೆಗ್ ಅಳತೆ. ಫೋಟೋಶಾಪ್‌ನಲ್ಲಿ 12ರವರೆಗಿನ ಬೇರೆಯೇ ಅಳತೆ ಇದೆ, ವೆಬ್‌ಪಿ ಅನ್ನುವ ಹೊಸ ಫಾರ್ಮ್ಯಾಟಿನ 80 ಜೆಪೆಗ್‌ನ 80ಕ್ಕೆ ಸಮ ಅಲ್ಲ. ಸಂಖ್ಯೆ ನಂಬುವ ಬದಲು ಕಣ್ಣು ನಂಬಬೇಕು ಅನ್ನುವುದು ಇದಕ್ಕೇ.

ಕಣ್ಣು ಎಲ್ಲಿ ಇಡಬೇಕು? ಎಲೆ, ಹುಲ್ಲು, ಮರಳು ಇರುವ ಜಾಗದಲ್ಲಿ ಎಷ್ಟು ಒತ್ತಿದರೂ ಗೊತ್ತಾಗುವುದಿಲ್ಲ, ಅಲ್ಲಿ ನೋಡಿ ಪ್ರಯೋಜನ ಇಲ್ಲ. ನಾನು ನೋಡುವುದು ಮೂರು ಕಡೆ: ಆಕಾಶ ಅಥವಾ ಮಬ್ಬು ಗೋಡೆಯ ನಯವಾದ ಭಾಗ, ಬಿಳಿ ಹಿನ್ನೆಲೆ ಮೇಲಿನ ಅಕ್ಷರದ ಅಂಚು, ಮತ್ತೆ ಅಚ್ಚ ಕೆಂಪು. ಮೂಲವನ್ನೂ ಒತ್ತಿದ್ದನ್ನೂ ಒಂದರ ಮೇಲೊಂದು ಲೇಯರ್ ಆಗಿ ಇಟ್ಟು, 100 ಪರ್ಸೆಂಟ್ ಜೂಮಿನಲ್ಲಿ ಮೇಲಿನದನ್ನು ಆನ್, ಆಫ್ ಮಾಡುತ್ತಾ ಹೋಗುತ್ತೇನೆ. ಬದಲಾವಣೆ ಇದ್ದರೆ ಆ ಜಾಗ ಪುಳಕ್ಕನೆ ಮಿಸುಕುತ್ತದೆ. 400 ಪರ್ಸೆಂಟ್ ಜೂಮ್ ಮಾಡಿ ತಪ್ಪು ಹುಡುಕುವುದು ಸುಮ್ನೆ ತಲೆನೋವು, ಹಾಗೆ ಯಾರೂ ನೋಡುವುದಿಲ್ಲ ಅಲ್ವಾ?

ಕೆಂಪು ಯಾಕೆ ಅಂದರೆ, ಜೆಪೆಗ್ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಮಾಡಿ, ಬಣ್ಣದ ಭಾಗವನ್ನು ಸಾಮಾನ್ಯವಾಗಿ ಕಾಲು ಭಾಗಕ್ಕೆ ಇಳಿಸುತ್ತದೆ. ನಾಲ್ಕು ಪಿಕ್ಸೆಲ್ಲಿಗೆ ಬಣ್ಣ ಒಂದೇ. ಇದಕ್ಕೆ 4:2:0 ಅಂತ ಹೆಸರು. ನಮ್ಮ ಕಣ್ಣು ಬಣ್ಣದ ಸೂಕ್ಷ್ಮಕ್ಕಿಂತ ಬೆಳಕಿನ ಸೂಕ್ಷ್ಮವನ್ನೇ ಚೆನ್ನಾಗಿ ಗುರುತಿಸುವುದರಿಂದ ಫೋಟೋದಲ್ಲಿ ಇದು ನಡೆದುಹೋಗುತ್ತದೆ. ಆದರೆ ಪೋಸ್ಟರಿನಲ್ಲಿ ಕಪ್ಪು ಹಿನ್ನೆಲೆ ಮೇಲೆ ಕೆಂಪು ಅಕ್ಷರ ಇದ್ದರೆ ಅಂಚು ಕಲಸಿಹೋಗುತ್ತದೆ, ಕ್ವಾಲಿಟಿ 95 ಇಟ್ಟರೂ ಅಷ್ಟೇ. ಅಂಥ ಚಿತ್ರಕ್ಕೆ ಸೇವ್ ಮಾಡುವ ಕಿಟಕಿಯಲ್ಲಿ ಸಬ್‌ಸ್ಯಾಂಪ್ಲಿಂಗ್ ಅನ್ನುವಲ್ಲಿ 4:4:4 (ಪ್ರತಿ ಪಿಕ್ಸೆಲ್ಲಿಗೂ ಅದರದೇ ಬಣ್ಣ) ಆರಿಸಿ, ಕ್ವಾಲಿಟಿಯನ್ನು 85ಕ್ಕೆ ಇಳಿಸುತ್ತೇನೆ. ಅಕ್ಷರವೂ ಚೂಪು, ಫೈಲೂ ದೊಡ್ಡದಾಗುವುದಿಲ್ಲ. ಮಾಮೂಲಿ ವೆಬ್‌ಪಿಯಲ್ಲಿ ಈ ಆಯ್ಕೆಯೇ ಇಲ್ಲ, ಅದು ಯಾವಾಗಲೂ 4:2:0. ಆದ್ದರಿಂದ ಪೋಸ್ಟರುಗಳನ್ನು ನಾನು ಅದಕ್ಕೆ ಹಾಕುವುದಿಲ್ಲ.

ರಾತ್ರಿ ತೆಗೆದ ಫೋಟೋ ಮಾತ್ರ ಏನು ಮಾಡಿದರೂ ಭಾರ. ಕಾಳುಕಾಳು ಗದ್ದಲಕ್ಕೆ ಯಾವ ಕ್ರಮವೂ ಇರುವುದಿಲ್ಲ, ಕ್ರಮ ಇಲ್ಲದ್ದನ್ನು ಒತ್ತಲು ಬರುವುದಿಲ್ಲ. ಅಂಥದಕ್ಕೆ ಮೊದಲೇ ಹಗುರವಾಗಿ ಡಿನಾಯ್ಸ್ ಮಾಡುತ್ತೇನೆ, ಅಂದರೆ ಆ ಕಾಳುಗಳನ್ನು ಒರೆಸುತ್ತೇನೆ. ಚಿತ್ರವೂ ಶುಭ್ರ, ಅದೇ ಕ್ವಾಲಿಟಿಯಲ್ಲಿ ಫೈಲೂ ಸಣ್ಣದು. ಮುಖದ ಮೇಲೆ ಜಾಸ್ತಿ ಒರೆಸದಂತೆ ನೋಡಿಕೊಂಡರೆ ಆಯಿತು.

ಪಿಕ್ಸೆಲ್ ಮುಟ್ಟದೆ ಇಳಿಸುವುದೂ ಸಾಧ್ಯ. ಜೆಪೆಗ್‌ಟ್ರ್ಯಾನ್ ಅನ್ನುವ ಸಾಧನ ಜೆಪೆಗ್‌ನ ಒಳಗಿನ ಸಂಖ್ಯೆಗಳನ್ನು ಹಾಗೇ ಇಟ್ಟುಕೊಂಡು, ಅವನ್ನು ಬರೆದಿಡುವ ಕ್ರಮವನ್ನಷ್ಟೇ ಸುಧಾರಿಸುತ್ತದೆ. ಸಿಗುವುದು ಸಣ್ಣ ಉಳಿತಾಯ, ಆದರೆ ಬಿಟ್ಟಿ. ಇದರ ಜೊತೆಗೆ ಮೆಟಾಡೇಟಾ ತೆಗೆಯುತ್ತೇನೆ: ಕ್ಯಾಮೆರಾದ ಸೆಟ್ಟಿಂಗು, ತೆಗೆದ ಜಾಗದ ಜಿಪಿಎಸ್, ಒಳಗೇ ಅಡಗಿರುವ ಪುಟ್ಟ ಥಂಬ್‌ನೇಲ್. ದೊಡ್ಡ ಫೋಟೋಗೆ ಇದು ಲೆಕ್ಕಕ್ಕಿಲ್ಲ. ಹತ್ತು ಕೆಬಿಯ ಚಿಕ್ಕ ಚಿತ್ರಕ್ಕೆ ಮಾತ್ರ ಮೂಗಿಗಿಂತ ಮೂಗುತಿ ಭಾರ, ಚಿತ್ರಕ್ಕಿಂತ ಅದರ ವಿವರವೇ ದೊಡ್ಡದಾಗಿರುತ್ತದೆ. ಎರಡನ್ನು ಮಾತ್ರ ಕಣ್ಣುಮುಚ್ಚಿ ಕಿತ್ತುಹಾಕಬೇಡಿ. ಫೋಟೋವನ್ನು ಎಷ್ಟು ತಿರುಗಿಸಿ ತೋರಿಸಬೇಕು ಅನ್ನುವ ಗುರುತು ಹೋದರೆ ನೆಟ್ಟಗಿದ್ದ ಚಿತ್ರ ಅಡ್ಡ ಬೀಳುತ್ತದೆ. ಬಣ್ಣದ ಪ್ರೊಫೈಲ್ ಹೋದರೆ, ಈಗಿನ ಕೆಲವು ಫೋನುಗಳು ತೆಗೆಯುವ ಪಿ3 ಅನ್ನುವ ಹೆಚ್ಚು ಗಾಢ ಬಣ್ಣವ್ಯಾಪ್ತಿಯ ಚಿತ್ರಗಳು ಸಪ್ಪಗೆ ಕಾಣುತ್ತವೆ. ಮೊದಲು ಚಿತ್ರವನ್ನು ನಿಜವಾಗಿ ತಿರುಗಿಸಿ, ವೆಬ್ಬಿನ ಮಾಮೂಲಿ ಬಣ್ಣವ್ಯಾಪ್ತಿಯಾದ ಎಸ್‌ಆರ್‌ಜಿಬಿಗೆ ಬದಲಿಸಿ, ಆಮೇಲೆ ತೆಗೆದರೆ ತೊಂದರೆ ಇಲ್ಲ.

ಹೊಸ ಫಾರ್ಮ್ಯಾಟುಗಳಲ್ಲಿ ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿಯನ್ನು ಈಗ ಎಲ್ಲ ಮುಖ್ಯ ಬ್ರೌಸರುಗಳೂ ತೆರೆಯುತ್ತವೆ. ಜೆಪೆಗ್‌ಗಿಂತ ಶೇ. 25ರಿಂದ 34ರಷ್ಟು ಚಿಕ್ಕದು ಅನ್ನುವುದು ಗೂಗಲ್‌ನದೇ ಲೆಕ್ಕ. ನನ್ನ ಕೈಯಲ್ಲಿ ಅಷ್ಟು ಉಳಿತಾಯ ಪ್ರತಿ ಸಲವೂ ಸಿಗುವುದಿಲ್ಲ, ಮೊಜಿಲ್ಲಾದವರ ಮೊಜ್‌ಜೆಪೆಗ್ ಬಳಸಿ ಜೆಪೆಗ್ ಮಾಡಿದರೆ ಅಂತರ ಇನ್ನೂ ಕಡಿಮೆ. 2019ರಲ್ಲಿ ಬಂದ ಎವಿಐಎಫ್ ನಿಜಕ್ಕೂ ಜೋರು, ಒತ್ತುವುದಕ್ಕೆ ಮಾತ್ರ ನಿಧಾನ. ತೀರಾ ಒತ್ತಿದರೆ ಚೌಕ ಕಾಣಿಸದಿದ್ದರೂ ಚರ್ಮದ ಸಣ್ಣ ಗೆರೆಗಳನ್ನೆಲ್ಲ ಒರೆಸಿ ನುಣ್ಣಗೆ ಮಾಡಿಬಿಡುತ್ತದೆ. ಹಿನ್ನೆಲೆಯ ದೊಡ್ಡ ಚಿತ್ರಗಳಿಗೆ ಅದನ್ನು ಇಷ್ಟಪಡುತ್ತೇನೆ, ಮುಖ ಇರುವ ಚಿತ್ರಕ್ಕೆ ಅಷ್ಟಾಗಿ ಇಲ್ಲ.

ಯಾವುದನ್ನೇ ಮಾಡಿ, ಮೂಲ ಫೈಲಿನಿಂದಲೇ ಮಾಡಿ. ಒತ್ತಿದ ಜೆಪೆಗ್ ತೆರೆದು, ತಿದ್ದಿ, ಮತ್ತೆ ಸೇವ್ ಮಾಡಿದರೆ ಆ ಭಾಗಾಕಾರ ಇನ್ನೊಮ್ಮೆ ನಡೆಯುತ್ತದೆ. ಮೂಲದ ಫೋಲ್ಡರಿಗೆ ನಾನು ಓದಲು ಮಾತ್ರ ಅಂತ ಬೀಗ ಹಾಕಿಟ್ಟಿರುತ್ತೇನೆ.

ಅರ್ಜಿಗೆ "50 ಕೆಬಿ ಒಳಗೆ ಫೋಟೋ ಹಾಕಿ" ಅಂತ ಕೇಳಿದಾಗಲೂ ದಾರಿ ಇದೇ. 35×45 ಮಿಲಿಮೀಟರ್ ಫೋಟೋ ಅಂದರೆ 300 ಡಿಪಿಐನಲ್ಲಿ 413×531 ಪಿಕ್ಸೆಲ್. ಮೊದಲು ಅಷ್ಟಕ್ಕೆ ಕತ್ತರಿಸಿ ಕುಗ್ಗಿಸಿದರೆ, ಹಿನ್ನೆಲೆ ಒಂದೇ ಬಣ್ಣ ಇದ್ದಾಗ, ಕ್ವಾಲಿಟಿ 85ರ ಆಸುಪಾಸಿನಲ್ಲೇ ಸಲೀಸಾಗಿ 50ರೊಳಗೆ ಕೂರುತ್ತದೆ. ಸಹಿಯನ್ನು ಸ್ಕ್ಯಾನ್ ಮಾಡಿದ್ದರೆ ಗ್ರೇಸ್ಕೇಲ್ ಮಾಡಿ, ಕಾಗದದ ಬೂದು ಛಾಯೆ ಪೂರ್ತಿ ಬಿಳಿಯಾಗುವಂತೆ ಲೆವೆಲ್ ಸರಿಮಾಡುತ್ತೇನೆ. ಬೂದು ಹೋದರೆ ಗದ್ದಲವೂ ಹೋಯಿತು, ಫೈಲು ತಾನಾಗೇ ಇಳಿಯುತ್ತದೆ. ಗುರುತಿನ ಚೀಟಿಯಂಥದನ್ನು ಸಿಕ್ಕ ಸಿಕ್ಕ ತಾಣಕ್ಕೆ ಅಪ್‌ಲೋಡ್ ಮಾಡಿ ಸೈಜು ಇಳಿಸಬೇಡಿ. ಸ್ಕ್ವೂಶ್ ಅನ್ನುವ ತಾಣ ಇದೆ, ಅದು ಚಿತ್ರವನ್ನು ಎಲ್ಲಿಗೂ ಕಳಿಸದೆ ನಿಮ್ಮ ಬ್ರೌಸರಿನೊಳಗೇ ಒತ್ತುತ್ತದೆ. ಎಡಕ್ಕೆ ಮೂಲ, ಬಲಕ್ಕೆ ಹೊಸದು, ನಡುವಿನ ಗೆರೆ ಎಳೆದು ಹೋಲಿಸಬಹುದು.

ಇಷ್ಟೆಲ್ಲ ಮಾಡಿದ ಚಿತ್ರವನ್ನು ಮೆಸೇಜ್ ಆ್ಯಪಿನಲ್ಲಿ ಫೋಟೋ ಅಂತಲೇ ಕಳಿಸಿದರೆ ಅದು ಮತ್ತೆ ತನ್ನದೇ ಕತ್ತರಿ ಹಾಕುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಇದ್ದ ಹಾಗೇ ತಲುಪುತ್ತದೆ.