ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕೃತವಾದಾಗ ಮಾಡಬೇಕಾದ ಕೆಲಸಗಳು

ಖಾಸಗಿ ಆರೋಗ್ಯ ವಿಮೆಯ ಹಣ ಸಿಗುವುದಿಲ್ಲವೆಂಬ ಸುದ್ದಿ ಅನೇಕರಿಗೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ, ಬರಿಯ ಬಾಯಿಮಾತಿನಲ್ಲಿ ತಿಳಿಯುತ್ತದೆ. ಅದನ್ನೇ ಕೊನೆಯ ತೀರ್ಮಾನವೆಂದು ನಂಬಿ, ಸಾಲ ಮಾಡಿ ಬಿಲ್ ಕಟ್ಟಿ ಸುಮ್ಮನಾಗಬೇಡಿ. ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯ ನಿರಾಕರಿಸಿದ ಮಾತ್ರಕ್ಕೆ ಕ್ಲೇಮ್ ತಿರಸ್ಕೃತವಾದಂತಲ್ಲ. ಬಿಲ್ ಪಾವತಿಸಿ, ಮೂಲ ದಾಖಲೆಗಳೊಂದಿಗೆ ಮರುಪಾವತಿ ಕೇಳುವ ದಾರಿ ತೆರೆದೇ ಇರುತ್ತದೆ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಮತ್ತು ಡಿಸ್ಚಾರ್ಜ್ ವೇಳೆಯ ಅಂತಿಮ ಅನುಮತಿಗೆ ಮೂರು ಗಂಟೆಯೊಳಗೆ ವಿಮಾ ಕಂಪನಿ ಉತ್ತರಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ.

ಮೊದಲು ತಿರಸ್ಕಾರದ ಕಾರಣವನ್ನು ಬರಹದಲ್ಲಿ ಪಡೆಯಿರಿ. ಅದೇ ಸುತ್ತೋಲೆಯ ಪ್ರಕಾರ ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಆಧಾರದ ಮೇಲೆ ಎಂಬುದನ್ನು ತಿಳಿಸಲೇಬೇಕು. ಮುಂದಿನ ಹೋರಾಟವೆಲ್ಲ ಆ ಒಂದು ಷರತ್ತನ್ನು ಹಿಡಿದು ನಡೆಯುವುದರಿಂದ, ಫೋನಿನಲ್ಲಿ ವಾದಿಸುವುದನ್ನು ಬಿಟ್ಟು ಇಮೇಲ್ ಮೂಲಕವೇ ಕೇಳುವುದು ಒಳ್ಳೆಯದು.

ಹಳೆಯ ಕಾಯಿಲೆಯನ್ನು ಮುಚ್ಚಿಟ್ಟಿರಿ ಎಂಬ ಆರೋಪ ಬಂದರೆ ರೋಗಿಯ ವಿವರ ಬರೆದಿಡುವ ಆಸ್ಪತ್ರೆಯ ಕೇಸ್ ಶೀಟನ್ನು ತರಿಸಿಕೊಂಡು ಸಾಲು ಸಾಲಾಗಿ ಓದಬೇಕು. ದಾಖಲಾಗುವ ಗಡಿಬಿಡಿಯಲ್ಲಿ ರೋಗಿಯ ಕಡೆಯವರು ಅಂದಾಜಿನಲ್ಲಿ ಹೇಳಿದ 'ಶುಗರ್ ಐದಾರು ವರ್ಷದಿಂದ ಇದೆ' ಎಂಬ ಮಾತು ಅಲ್ಲಿ ದಾಖಲಾಗಿ, ಅದೇ ನಿಮ್ಮ ವಿರುದ್ಧದ ಸಾಕ್ಷಿಯಾಗಬಹುದು. ಕೋರಿಕೆ ಸಲ್ಲಿಸಿದ 72 ಗಂಟೆಗಳಲ್ಲಿ ವೈದ್ಯಕೀಯ ದಾಖಲೆಗಳನ್ನು ಕೊಡಬೇಕೆಂಬುದು ವೈದ್ಯರ ವೃತ್ತಿಸಂಹಿತೆಯಲ್ಲಿಯೇ ಇದೆ. ದಾಖಲಾದದ್ದು ತಪ್ಪಾಗಿದ್ದರೆ, ರೋಗ ಮೊದಲು ಪತ್ತೆಯಾದ ದಿನದ ಲ್ಯಾಬ್ ವರದಿಯನ್ನೂ ಚಿಕಿತ್ಸೆ ನೀಡಿದ ವೈದ್ಯರ ವಿವರಣಾ ಪತ್ರವನ್ನೂ ಸೇರಿಸಿ ಕಳುಹಿಸಿ. ಪಾಲಿಸಿ ಸತತವಾಗಿ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾದ ಹೊರತು ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ಬಹಳ ಮಂದಿ ಗಮನಿಸದ ಈ ರಕ್ಷಣೆಯನ್ನು ನಿಮ್ಮ ಪತ್ರದಲ್ಲಿ ಎತ್ತಿ ಹೇಳಿ.

'ಒಳರೋಗಿಯಾಗಿ ಸೇರುವ ಅಗತ್ಯವಿರಲಿಲ್ಲ' ಎಂಬ ಕಾರಣಕ್ಕೆ ಉತ್ತರ ಕೊಡಬೇಕಾದವರು ವೈದ್ಯರು. ಸೇರಿಸುವಾಗಿನ ಜ್ವರ, ರಕ್ತದೊತ್ತಡ, ರಕ್ತನಾಳದ ಮೂಲಕ ಕೊಟ್ಟ ಔಷಧಗಳನ್ನು ನಮೂದಿಸಿದ ಪತ್ರವನ್ನು ಅವರಿಂದ ಪಡೆಯಿರಿ.

ಪೂರ್ತಿ ತಿರಸ್ಕರಿಸದೆ ಮೊತ್ತ ಕಡಿತಗೊಳಿಸಿದ್ದರೆ ರೂಮ್ ಬಾಡಿಗೆಯ ಮಿತಿಯನ್ನು ನೋಡಿ. ದಿನಕ್ಕೆ 5,000 ರೂಪಾಯಿ ಮಿತಿಯಿರುವಾಗ 10,000 ರೂಪಾಯಿಯ ಕೋಣೆ ಪಡೆದರೆ, ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲದೆ, ಕೋಣೆಯ ದರ್ಜೆಗೆ ತಕ್ಕಂತೆ ಏರುವ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮೊದಲಾದವುಗಳಲ್ಲೂ ಅರ್ಧವನ್ನು ಕಳೆಯಬಹುದು. ಆದರೆ ಔಷಧ, ಇಂಪ್ಲಾಂಟ್ (ದೇಹದೊಳಗೆ ಅಳವಡಿಸುವ ಸಾಧನ), ಪರೀಕ್ಷೆಗಳ ವೆಚ್ಚಕ್ಕೆ ಈ ಅನುಪಾತದ ಕಡಿತವನ್ನು ಅನ್ವಯಿಸುವಂತಿಲ್ಲ. ಆದ್ದರಿಂದ ಕಡಿತದ ಪಟ್ಟಿಯನ್ನು ಬಿಲ್ಲಿನ ಪಕ್ಕದಲ್ಲಿಟ್ಟು ತಾಳೆ ನೋಡಿ.

ಇಷ್ಟು ಸಿದ್ಧವಾದ ಮೇಲೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಬರೆದು, ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ಜಾಲತಾಣವಾದ ಬಿಮಾ ಭರೋಸಾದಲ್ಲಿಯೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿ ತಾರದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಅವಕಾಶವಿಲ್ಲ, 50 ಲಕ್ಷ ರೂಪಾಯಿವರೆಗಿನ ಪರಿಹಾರವನ್ನು ಅಲ್ಲಿ ಕೇಳಬಹುದು. ಅಲ್ಲಿನ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು. ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆದರೆ ಗ್ರಾಹಕ ಆಯೋಗದಲ್ಲಿ ಪ್ರಕರಣವನ್ನು ಮೊದಲೇ ಹೂಡಿದ್ದರೆ ಒಂಬುಡ್ಸ್‌ಮನ್ ಅದೇ ದೂರನ್ನು ಸ್ವೀಕರಿಸುವುದಿಲ್ಲವಾದ್ದರಿಂದ, ಖರ್ಚಿಲ್ಲದ ಈ ಬಾಗಿಲನ್ನೇ ಮೊದಲು ತಟ್ಟಿ.